ದುಡಿದು ದಣಿದ ವಿಶ್ವಾಸಿಗೆ: ಕ್ರಿಸ್ತನಲ್ಲಿ ವಿಶ್ರಮಿಸಲು ಕಲಿಯುವ ಬಗೆ

ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಯುವಜನರ ಕೂಟ, ಭಾನುವಾರ ಬೆಳಿಗ್ಗೆ ಸಂಡೇ ಸ್ಕೂಲ್ ಮತ್ತು ಆರಾಧನೆ, ಮಧ್ಯಾಹ್ನ ಆಸ್ಪತ್ರೆಯಲ್ಲಿರುವವರ ಭೇಟಿ, ಸಂಜೆ ಮತ್ತೊಬ್ಬರ ಮನೆಯಲ್ಲಿ ಪ್ರಾರ್ಥನೆ. ಇಷ್ಟೆಲ್ಲ ಮಾಡುವವರೇ ರಾತ್ರಿ ಹಾಸಿಗೆಗೆ ಬಂದಾಗ ‘ದೇವರಿಗೆ ನನ್ನ ಮೇಲೆ ಸಮಾಧಾನವಿಲ್ಲ’ ಎಂದುಕೊಂಡು ಮಲಗುತ್ತಾರೆ. ಬೆಳಗಿನ ಪ್ರಾರ್ಥನೆ ತಪ್ಪಿದ ದಿನ ಸ್ಕೂಟರ್ ಪಂಕ್ಚರ್ ಆದರೆ ಅದನ್ನು ಶಿಕ್ಷೆಯೆಂದು ತಿಳಿಯುತ್ತಾರೆ. ಸಾಕ್ಷಿ ಹೇಳಲು ನಿಂತಾಗ ಸಂತೋಷದ ಮಾತುಗಳನ್ನೇ ಆಡುತ್ತಾರೆ, ಮನೆಗೆ ಬಂದು ಮಕ್ಕಳ ಮೇಲೆ ರೇಗುತ್ತಾರೆ. ಸಭೆಯ ಅತ್ಯಂತ ನಂಬಿಗಸ್ತ ಸೇವಕರಲ್ಲೇ ಈ ದಣಿವು ಹೆಚ್ಚು ಎಂಬುದು ನನ್ನನ್ನು ಬಹಳ ಕಾಲದಿಂದ ನೋಯಿಸಿದೆ.

ಈ ಮಾರ್ಗದರ್ಶಿ ಅವರಿಗಾಗಿ. ಇದರಲ್ಲಿರುವ ಹೆಜ್ಜೆಗಳನ್ನು ಒಂದೇ ವಾರದಲ್ಲಿ ಮುಗಿಸಲು ಹೊರಟರೆ ಇದೂ ಮತ್ತೊಂದು ಹೊರೆಯಾಗುತ್ತದೆ. ಒಂದೊಂದಕ್ಕೆ ಎರಡು ಮೂರು ವಾರ ಕೊಡಿ. ಎರಡನೆಯ ಹೆಜ್ಜೆಯಲ್ಲೇ ನಿಮಗೆ ಬೇಕಾದದ್ದು ಸಿಕ್ಕರೆ ಅಲ್ಲೇ ಸ್ವಲ್ಪ ದಿನ ನಿಲ್ಲಿ.

ಆರಂಭಿಸುವ ಮೊದಲು ಒಂದು ಸಂಗತಿಯನ್ನು ಗಮನಿಸಿ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯನ ಸೃಷ್ಟಿಯಾದದ್ದು ಆರನೆಯ ದಿನ. ದೇವರು ವಿಶ್ರಮಿಸಿಕೊಂಡದ್ದು ಏಳನೆಯ ದಿನ. ಅಂದರೆ ಮನುಷ್ಯ ಭೂಮಿಯ ಮೇಲೆ ಕಂಡ ಮೊದಲ ಪೂರ್ಣ ದಿನ ವಿಶ್ರಾಂತಿಯ ದಿನವೇ. ಅವನು ಒಂದು ಗಿಡವನ್ನೂ ನೆಟ್ಟಿರಲಿಲ್ಲ. ಅದೇ ಅಧ್ಯಾಯ ಪ್ರತಿ ದಿನವನ್ನೂ ಮೊದಲು ಸಾಯಂಕಾಲ, ಆಮೇಲೆ ಪ್ರಾತಃಕಾಲ ಎಂದು ಎಣಿಸುತ್ತದೆ. ನಾವು ದುಡಿದು ವಿಶ್ರಾಂತಿಯನ್ನು ಗಳಿಸಲು ಹೊರಡುತ್ತೇವೆ. ದೇವರು ವಿಶ್ರಾಂತಿಯನ್ನು ಮೊದಲು ಕೊಟ್ಟು ಅಲ್ಲಿಂದ ದುಡಿಮೆಗೆ ಕಳುಹಿಸುತ್ತಾನೆ.

ಮೊದಲನೆಯ ಹೆಜ್ಜೆ: ಓಡಿಸುತ್ತಿರುವ ದನಿ ಯಾರದು ಎಂದು ಗುರುತಿಸಿ

ವಿಮೋಚನಕಾಂಡದ ಐದನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಇಸ್ರಾಯೇಲ್ಯರು ಐಗುಪ್ತದಲ್ಲಿ ಇಟ್ಟಿಗೆ ಮಾಡುತ್ತಿದ್ದಾರೆ. ದೇವರಿಗೆ ಯಜ್ಞ ಮಾಡಲು ಬಿಡು ಎಂದು ಅವರ ನಾಯಕ ಮೋಶೆ ಕೇಳಿದಾಗ ಐಗುಪ್ತದ ಅರಸ ಫರೋಹನು ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸುತ್ತಾನೆ, ಆದರೆ ಇಟ್ಟಿಗೆಯ ಲೆಕ್ಕದಲ್ಲಿ ಒಂದನ್ನೂ ಕಡಿಮೆ ಮಾಡುವುದಿಲ್ಲ. ಜನ ಬಂದು ಮೊರೆಯಿಟ್ಟರೆ ‘ನೀವು ಮೈಗಳ್ಳರು’ ಎನ್ನುತ್ತಾನೆ. ಬೇಕಾದ್ದನ್ನು ಕೊಡದೆ ಲೆಕ್ಕ ಮಾತ್ರ ಕೇಳುವುದು, ಸಾಕಾಯಿತು ಎಂದವರನ್ನು ಸೋಮಾರಿಗಳೆಂದು ಹಳಿಯುವುದು ಫರೋಹನ ರೀತಿ. ನಿಮ್ಮೊಳಗೆ ಕೇಳಿಬರುವ ದನಿ ಹೀಗೆ ಮಾತನಾಡುತ್ತಿದ್ದರೆ ಅದನ್ನು ದೇವರ ದನಿಯೆಂದು ಒಪ್ಪಿಕೊಳ್ಳಬೇಡಿ.

ಈಗ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವಾರ ನೀವು ದೇವರ ಹೆಸರಿನಲ್ಲಿ ಮಾಡುವ ಪ್ರತಿಯೊಂದನ್ನೂ ಬರೆಯಿರಿ: ಪ್ರಾರ್ಥನೆ, ಸತ್ಯವೇದ ಓದು, ಗಾಯನ ತಂಡದ ಅಭ್ಯಾಸ, ಕಾಣಿಕೆ, ಉಪವಾಸ, ಭೇಟಿಗಳು. ಪ್ರತಿಯೊಂದರ ಪಕ್ಕದಲ್ಲಿ, ಅದನ್ನು ಮಾಡದಿದ್ದರೆ ಏನಾಗುತ್ತದೆಂದು ನಿಮ್ಮ ಮನಸ್ಸು ಹೇಳುತ್ತದೋ ಅದನ್ನು ಬರೆಯಿರಿ. ‘ಜನ ಏನನ್ನುತ್ತಾರೋ’, ‘ಮಗಳ ಪರೀಕ್ಷೆಗೆ ತೊಂದರೆಯಾಗಬಹುದು’, ‘ನಾನಿಲ್ಲದೆ ಅದು ನಡೆಯುವುದಿಲ್ಲ’, ‘ಏನೂ ಆಗುವುದಿಲ್ಲ, ಆದರೆ ನನಗೆ ಅದು ಬೇಕು’. ಕೊನೆಯ ಉತ್ತರ ಎಷ್ಟು ಸಲ ಬಂತೆಂದು ನೋಡಿ. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಅದನ್ನು ಓದಿ ನಿಮ್ಮನ್ನು ನೀವೇ ಬೈದುಕೊಳ್ಳಲೂ ಬೇಡಿ. ಈ ವಾರದ ಕೆಲಸ ಗುರುತಿಸುವುದು ಮಾತ್ರ.

ಹಾಗಾದರೆ ಪವಿತ್ರಾತ್ಮನು ಪಾಪವನ್ನು ಎತ್ತಿ ತೋರಿಸುವುದೇ ಇಲ್ಲವೇ ಎಂದು ಕೇಳಬಹುದು. ತೋರಿಸುತ್ತಾನೆ. ಆತನು ತೋರಿಸುವಾಗ ಒಂದು ಕೆಲಸವನ್ನು, ಒಂದು ಮಾತನ್ನು, ಒಬ್ಬ ವ್ಯಕ್ತಿಯನ್ನು ತೋರಿಸುತ್ತಾನೆ: ನಿನ್ನೆ ತಮ್ಮನಿಗೆ ಆಡಿದ ಆ ಮಾತು ತಪ್ಪು, ಹೋಗಿ ಸರಿಮಾಡಿಕೋ. ಜೊತೆಗೆ ದಾರಿಯನ್ನೂ ತೆರೆಯುತ್ತಾನೆ. ನಮ್ಮ ಪಾಪಗಳನ್ನು ಒಪ್ಪಿಕೊಂಡರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿ ಕ್ಷಮಿಸುತ್ತಾನೆ ಎಂದು 1 ಯೋಹಾನ 1:9 ಹೇಳುತ್ತದೆ. ದೂರುಗಾರನಾದ ಸೈತಾನನ ದನಿ ಮಂಜಿನಂತೆ ಸುತ್ತ ಕವಿಯುತ್ತದೆ: ನೀನು ಸಾಲದು, ಇನ್ನೂ ಸಾಲದು. ಏನು ಮಾಡಿದರೆ ಸಾಕು ಎಂದು ಕೇಳಿ ನೋಡಿ. ಅದಕ್ಕೆ ಉತ್ತರವೇ ಇರುವುದಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ದಶಮಾಂಶ ತಪ್ಪಿದರೆ ಮನೆಗೆ ಶಾಪ, ಕೂಟ ತಪ್ಪಿದರೆ ಕಾಯಿಲೆ ಎಂದು ಹೆದರಿಸಿ ದುಡಿಸುವ ಉಪದೇಶವನ್ನು ನೀವು ಪ್ರತಿವಾರ ಕೇಳುತ್ತಿದ್ದರೆ ನಿಮ್ಮ ದಣಿವಿಗೆ ಅರ್ಧ ಕಾರಣ ಅಲ್ಲೇ ಇದೆ. ಕ್ರಿಸ್ತನು ನಮಗೋಸ್ಕರ ಶಾಪವಾಗಿ ನಮ್ಮನ್ನು ಧರ್ಮಶಾಸ್ತ್ರದ ಶಾಪದಿಂದ ಬಿಡಿಸಿದನೆಂದು ಗಲಾತ್ಯದವರಿಗೆ ಬರೆದ ಪತ್ರಿಕೆ (3:13) ಹೇಳುತ್ತದೆ. ಆ ಶಾಪವನ್ನು ಮತ್ತೆ ವಿಶ್ವಾಸಿಗಳ ತಲೆಯ ಮೇಲೆ ತೂಗುಹಾಕುವ ಹಕ್ಕು ಯಾವ ಬೋಧಕನಿಗೂ ಇಲ್ಲ.

ಎರಡನೆಯ ಹೆಜ್ಜೆ: ನಿದ್ದೆ ಮಾಡಿ, ಊಟ ಮಾಡಿ

ಆತ್ಮಿಕ ವಿಶ್ರಾಂತಿಯ ಬರಹದಲ್ಲಿ ನಿದ್ದೆಯ ಮಾತೇಕೆ ಎನ್ನಿಸಿದರೆ 1 ಅರಸುಗಳು 19ನೆಯ ಅಧ್ಯಾಯವನ್ನು ತೆರೆಯಿರಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡ ಪ್ರವಾದಿ ಎಲೀಯ, ಈಜೆಬೆಲಳ ಬೆದರಿಕೆಗೆ ಹೆದರಿ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು ನನಗೆ ಸಾವು ಬರಲಿ ಎಂದು ಬೇಡುತ್ತಾನೆ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಅವನನ್ನು ಮಲಗಲು ಬಿಟ್ಟನು. ದೂತನು ತಟ್ಟಿ ಎಬ್ಬಿಸಿದಾಗ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ತಂಬಿಗೆ ನೀರೂ ಇದ್ದವು. ತಿಂದು ಕುಡಿದು ಮತ್ತೆ ಮಲಗಿದ. ದೂತನು ಎರಡನೆಯ ಸಲವೂ ಎಬ್ಬಿಸಿ, ತಿನ್ನು, ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಎಂದ. ಹೋರೇಬ್ ಬೆಟ್ಟದಲ್ಲಿ ದೇವರು ಅವನೊಡನೆ ಮಾತನಾಡಿದ ಆ ಮೆಲುದನಿ ಇದೆಲ್ಲ ಆದ ಮೇಲಿನದು.

ಆದ್ದರಿಂದ ಎರಡು ವಾರ ಇಷ್ಟು ಮಾಡಿ. ರಾತ್ರಿ ಮಲಗುವ ಹೊತ್ತನ್ನು ನಿಗದಿ ಮಾಡಿ, ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ನಸುಕಿನ ನಾಲ್ಕಕ್ಕೆ ಏಳುವ ಹರಕೆ ಹೊತ್ತಿದ್ದು, ಮಲಗುವುದು ಹನ್ನೆರಡಕ್ಕೆ ಆಗುತ್ತಿದ್ದರೆ ಏಳುವುದನ್ನು ತಡಮಾಡಿ. ಇಡೀ ರಾತ್ರಿಯ ಪ್ರಾರ್ಥನೆಗೆ ಹೋಗುವವರು ಮರುದಿನ ನಿದ್ದೆಗೆ ಬಿಡುವಿಲ್ಲದಿದ್ದರೆ ಈ ತಿಂಗಳು ಹೋಗದೆ ಇರಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬಾರದು. ಕರ್ತನು ತನಗೆ ಪ್ರಿಯರಾದವರಿಗೆ ನಿದ್ದೆಯನ್ನು ಅನುಗ್ರಹಿಸುತ್ತಾನೆ ಎಂಬ ಭರವಸೆ 127ನೆಯ ಕೀರ್ತನೆಯಲ್ಲಿದೆ. ಬಿರುಗಾಳಿಯ ನಡುವೆ ದೋಣಿಯ ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ನಿದ್ದೆ ಮಾಡುತ್ತಿದ್ದ ಕರ್ತನನ್ನು ಹಿಂಬಾಲಿಸುವವರು ನಾವು (ಮಾರ್ಕ 4:38).

ಚೆನ್ನಾಗಿ ನಿದ್ದೆ ಮಾಡಿ ಉಂಡರೂ ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕತ್ತಲಾಗಿಯೇ ಇದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ, ಅದು ಪ್ರಾರ್ಥನೆಯ ಕೊರತೆಯಿಂದ ಬಂದದ್ದೆಂದು ಭಾವಿಸಿ ಕೂರಬೇಡಿ. ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಎಲೀಯನಿಗೆ ರೊಟ್ಟಿ ಕಳುಹಿಸಿದ ದೇವರು ನಿಮಗೆ ವೈದ್ಯರ ಕೈಯಿಂದ ಸಹಾಯ ಕಳುಹಿಸಬಲ್ಲನು.

ಮೂರನೆಯ ಹೆಜ್ಜೆ: ಒಪ್ಪಿಗೆ ಮೊದಲೇ ಸಿಕ್ಕಿದೆ ಎಂಬುದರಲ್ಲಿ ನೆಲೆಗೊಳ್ಳಿ

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹೆಜ್ಜೆ ಇದು. ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದರೆ ಕೆಲವು ದಿನ ಆಯಾಸ ಕಡಿಮೆಯಾಗಬಹುದು, ಆತ್ಮಕ್ಕೆ ವಿಶ್ರಾಂತಿ ಸಿಗುವುದಿಲ್ಲ.

ಮೆಥೊಡಿಸ್ಟ್ ಪರಂಪರೆಯನ್ನು ಆರಂಭಿಸಿದ ಜಾನ್ ವೆಸ್ಲಿಯವರ ಬದುಕನ್ನು ಇಲ್ಲಿ ನೆನೆಯಬೇಕು. ಹಳೆಯ ಮೈಸೂರು ಸೀಮೆಯ ಹಲವು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳ ಬೇರು ಅವರ ಪರಂಪರೆಯ ಮಿಷನರಿಗಳಲ್ಲಿದೆ, ಹಾಗಾಗಿ ಅವರು ನಮಗೆ ದೂರದವರೇನಲ್ಲ. 1703ರಲ್ಲಿ ಇಂಗ್ಲೆಂಡಿನ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಅವರು ಆಕ್ಸ್‌ಫರ್ಡ್‌ನಲ್ಲಿದ್ದಾಗ ಗೆಳೆಯರೊಡನೆ ಕಟ್ಟುನಿಟ್ಟಿನ ಶಿಸ್ತಿನ ಗುಂಪೊಂದನ್ನು ನಡೆಸಿದರು. ಬುಧವಾರ ಮತ್ತು ಶುಕ್ರವಾರ ಉಪವಾಸ, ಸೆರೆಮನೆ ಭೇಟಿ, ಬಡವರಿಗೆ ನೆರವು, ಗಂಟೆಗಂಟೆಗೂ ಆತ್ಮಪರೀಕ್ಷೆ. ಆ ಶಿಸ್ತನ್ನು ನೋಡಿ ಉಳಿದವರು ಹಂಗಿಸಿ ಇಟ್ಟ ಹೆಸರೇ ಮೆಥೊಡಿಸ್ಟ್. 1735ರಲ್ಲಿ ಮಿಷನರಿಯಾಗಿ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. 1736ರ ಜನವರಿಯಲ್ಲಿ ಸಮುದ್ರದ ನಡುವೆ ಭಾರಿ ಬಿರುಗಾಳಿ ಎದ್ದು ಹಡಗಿನ ದೊಡ್ಡ ಹಾಯಿ ಸೀಳಿಹೋಯಿತು. ಇಂಗ್ಲಿಷ್ ಪ್ರಯಾಣಿಕರು ಕಿರುಚಾಡುತ್ತಿದ್ದರೆ, ಅದೇ ಹಡಗಿನಲ್ಲಿದ್ದ ಜರ್ಮನ್ ಮಾತನಾಡುವ ಮೊರೇವಿಯನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ವಿಶ್ವಾಸಿಗಳು ತಾವು ಹಾಡುತ್ತಿದ್ದ ಕೀರ್ತನೆಯನ್ನು ನಿಲ್ಲಿಸಲಿಲ್ಲ. ನಿಮ್ಮ ಹೆಂಗಸರು ಮಕ್ಕಳಿಗೂ ಭಯವಾಗಲಿಲ್ಲವೇ ಎಂದು ವೆಸ್ಲಿ ಆಮೇಲೆ ಕೇಳಿದರು. ಇಲ್ಲ ಎಂಬ ಉತ್ತರ ಬಂತು. ತಾನು ಇಷ್ಟು ವರ್ಷ ದುಡಿದರೂ ದಕ್ಕದೆ ಹೋದದ್ದು ಆ ಸಾಮಾನ್ಯ ಜನರಲ್ಲಿತ್ತು.

ಜಾರ್ಜಿಯಾದ ಸೇವೆ ಕೈಹಿಡಿಯಲಿಲ್ಲ. 1738ರಲ್ಲಿ ಸೋತು ಊರಿಗೆ ಮರಳಿದರು. ಅದೇ ವರ್ಷ ಮೇ 24ರ ಸಂಜೆ, ಮನಸ್ಸಿಲ್ಲದ ಮನಸ್ಸಿನಿಂದ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರ್ ಬರೆದ ಪೀಠಿಕೆಯನ್ನು ಅಲ್ಲಿ ಯಾರೋ ಓದುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇದ್ದಾಗ ತಮ್ಮ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು, ರಕ್ಷಣೆಗಾಗಿ ಕ್ರಿಸ್ತನೊಬ್ಬನನ್ನೇ ನಂಬಿದ್ದೇನೆಂಬ ಭರವಸೆ ಬಂತು ಎಂದು ಅವರು ದಿನಚರಿಯಲ್ಲಿ ದಾಖಲಿಸಿದ್ದಾರೆ. ಮುಂದಿನ ತಿಂಗಳುಗಳಲ್ಲೂ ಸಂದೇಹಗಳು ಅವರನ್ನು ಬಿಡಲಿಲ್ಲ. ನಿಮಗೂ ಹಾಗಾದರೆ ಕಂಗೆಡಬೇಡಿ. ಆದರೆ ದುಡಿಮೆಯ ಬುಡ ಬದಲಾಯಿತು. ದೇವರ ಒಪ್ಪಿಗೆಯನ್ನು ಪಡೆಯಲು ದುಡಿಯುತ್ತಿದ್ದವರು, ಒಪ್ಪಿಗೆ ಪಡೆದವರಾಗಿ ದುಡಿದರು. ಅರ್ಧ ಶತಮಾನ ಕುದುರೆಯ ಮೇಲೆ ಊರೂರು ಸುತ್ತಿ ಸುವಾರ್ತೆ ಸಾರಿ 1791ರಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ವಿಶ್ರಾಂತಿಯನ್ನು ಬೋಧಿಸಿದರೆ ಜನ ಸೋಮಾರಿಗಳಾಗುತ್ತಾರೆ ಎಂದು ಹೆದರುವ ಹಿರಿಯರಿಗೆ ನಾನು ಕೊಡುವ ಉತ್ತರ ಇದೇ.

ಇದನ್ನು ಅಭ್ಯಾಸಕ್ಕೆ ತರುವುದು ಹೀಗೆ. ಬೆಳಿಗ್ಗೆ ಎದ್ದು ಯಾವ ಬೇಡಿಕೆಯನ್ನೂ ಇಡುವ ಮೊದಲು ಐದು ನಿಮಿಷ ಮಾರ್ಕ 1:9–11ರ ಮುಂದೆ ಕುಳಿತುಕೊಳ್ಳಿ. ಯೇಸು ಯೊರ್ದನಿನ ನೀರಿನಿಂದ ಮೇಲಕ್ಕೆ ಬಂದಾಗ, ನೀನು ಪ್ರಿಯನಾದ ನನ್ನ ಮಗನು, ನಿನ್ನನ್ನು ಮೆಚ್ಚಿದ್ದೇನೆ ಎಂಬ ತಂದೆಯ ವಾಣಿಯಾಯಿತು. ಮಾರ್ಕನ ಸುವಾರ್ತೆಯಲ್ಲಿ ಅಷ್ಟು ಹೊತ್ತಿಗೆ ಯೇಸು ಒಂದು ಪ್ರಸಂಗವನ್ನೂ ಮಾಡಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿಲ್ಲ, ಅಡವಿಯ ಶೋಧನೆಯನ್ನೂ ಗೆದ್ದಿಲ್ಲ. ಮೆಚ್ಚುಗೆ ಮೊದಲು, ಸೇವೆ ಆಮೇಲೆ. ನೀವು ಕ್ರಿಸ್ತನಲ್ಲಿದ್ದರೆ ಆ ಪ್ರೀತಿಯೊಳಗೆ ಸೇರಿದವರು. ಅದನ್ನು ಬಾಯಿಬಿಟ್ಟು ಹೇಳಿ: ‘ತಂದೆಯೇ, ಇವತ್ತು ನಾನು ಏನನ್ನೂ ಮಾಡುವ ಮೊದಲೇ ನಿನ್ನ ಮಗುವಾಗಿದ್ದೇನೆ.’ ಮೊದಮೊದಲು ಮನಸ್ಸು ಒಪ್ಪುವುದಿಲ್ಲ. ಒಪ್ಪದಿದ್ದರೂ ಹೇಳಿ.

ಪಾಪ ಮಾಡಿದ ದಿನವೂ ಹೇಳಬೇಕೇ? ಆ ದಿನವೇ ಹೆಚ್ಚು ಹೇಳಬೇಕು. ತಪ್ಪನ್ನು ಹೆಸರಿಟ್ಟು ಒಪ್ಪಿಕೊಳ್ಳಿ, ಸರಿಪಡಿಸಬೇಕಾದದ್ದನ್ನು ಸರಿಪಡಿಸಿ, ಆಮೇಲೆ ಕ್ಷಮೆಯನ್ನು ಪಡೆದುಕೊಂಡು ಎದ್ದುಬಿಡಿ. ಕಥೋಲಿಕ ಸಭೆಯವರು ಗುರುಗಳ ಬಳಿ ಪಾಪನಿವೇದನೆ ಮಾಡಿ ಕ್ಷಮಾಪಣೆಯ ಮಾತನ್ನು ಕಿವಿಯಾರೆ ಕೇಳುತ್ತಾರೆ. ಉಳಿದವರೂ ನಂಬಿಕೆಯ ಒಬ್ಬ ಹಿರಿಯರ ಮುಂದೆ ಒಪ್ಪಿಕೊಂಡು ಪ್ರಾರ್ಥನೆ ಮಾಡಿಸಿಕೊಳ್ಳುವುದು ಒಳ್ಳೆಯದು. ಕ್ಷಮೆ ಸಿಕ್ಕ ಮೇಲೂ ಮೂರು ದಿನ ಸಪ್ಪೆ ಮೋರೆ ಹಾಕಿಕೊಂಡಿರುವುದು, ದಂಡವಾಗಿ ಎರಡು ಉಪವಾಸ ಹೆಚ್ಚಿಗೆ ಮಾಡುವುದು ಕ್ರಿಸ್ತನ ಶಿಲುಬೆಗೆ ನಮ್ಮ ಕಡೆಯಿಂದ ಸ್ವಲ್ಪ ಸೇರಿಸಿ ಕೊಟ್ಟಂತೆ. ಲೂಕ 15ರಲ್ಲಿ ಯೇಸು ಹೇಳಿದ ಕಥೆಯ ಹಿರಿಯ ಮಗ ತಂದೆಯ ಮನೆಯಲ್ಲೇ ಇದ್ದು ಇಷ್ಟು ವರ್ಷ ನಿನಗೆ ಚಾಕರಿ ಮಾಡಿದೆ ಎಂದು ಲೆಕ್ಕ ಒಪ್ಪಿಸುತ್ತಾನೆ. ನನ್ನದೆಲ್ಲ ನಿನ್ನದೇ ಎಂಬ ತಂದೆಯ ಮಾತು ಅವನಿಗೂ ಸಂದದ್ದು.

ನಾಲ್ಕನೆಯ ಹೆಜ್ಜೆ: ಹೊರೆ ಇಳಿಸಿ, ನೊಗ ಬದಲಿಸಿ

ಮತ್ತಾಯ 11:28–30ನ್ನು ನಮ್ಮಲ್ಲಿ ಕ್ಯಾಲೆಂಡರುಗಳ ಮೇಲೆ, ಮನೆಯ ಗೋಡೆಗಳ ಮೇಲೆ ಓದುತ್ತೇವೆ. ಹೊರೆಹೊತ್ತವರನ್ನು ಕರೆದು ವಿಶ್ರಾಂತಿ ಕೊಡುವೆನೆನ್ನುವ ಯೇಸು ಅದೇ ಉಸಿರಿನಲ್ಲಿ, ನನ್ನ ನೊಗವನ್ನು ನಿಮ್ಮ ಮೇಲೆ ತೆಗೆದುಕೊಳ್ಳಿರಿ ಎನ್ನುತ್ತಾನೆ. ಕೆಲಸವೇ ಇಲ್ಲದ ಬದುಕನ್ನು ಆತನು ಕೊಡುತ್ತಿಲ್ಲ. ಹೊಸ ಹೋರಿಯನ್ನು ಪಳಗಿಸುವಾಗ ನಮ್ಮ ರೈತರು ಅದನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರೆ. ದಾರಿ, ವೇಗ, ತಿರುವು ಎಲ್ಲವೂ ದೊಡ್ಡ ಎತ್ತಿನದು, ಹೋರಿಯ ಕೆಲಸ ಜೊತೆಯಲ್ಲಿ ನಡೆಯುವುದು. ಹೋರಿ ಮುಂದಕ್ಕೆ ಜಗ್ಗಿದಾಗ ಮಾತ್ರ ಅದರ ಹೆಗಲು ಕೀಳುತ್ತದೆ.

ಮೊದಲ ಹೆಜ್ಜೆಯ ನೋಟ್‌ಬುಕ್ ಮತ್ತೆ ತೆಗೆಯಿರಿ. ‘ನಾನಿಲ್ಲದೆ ನಡೆಯುವುದಿಲ್ಲ’ ಎಂದು ಬರೆದ ಸಾಲುಗಳಲ್ಲಿ ಒಂದನ್ನು, ಒಂದನ್ನು ಮಾತ್ರ, ಆರಿಸಿಕೊಳ್ಳಿ. ಅದನ್ನು ಬೇರೆಯವರಿಗೆ ಒಪ್ಪಿಸುವ ಏರ್ಪಾಟು ಮಾಡಿ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋನು ಇದು ಒಳ್ಳೆಯದಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ನೇರವಾಗಿ ಹೇಳಿದ (ವಿಮೋಚನಕಾಂಡ 18). ಮೋಶೆ ಸಿಟ್ಟಾಗದೆ ಮಾವನ ಮಾತು ಕೇಳಿದ.

ಸಭಾಪಾಲಕರಿಗೆ ಇಲ್ಲ ಎನ್ನುವುದು ನಮ್ಮವರಿಗೆ ಬಲು ಕಷ್ಟ. ಕೂಟದ ನಡುವೆಯೋ ವಾಟ್ಸ್ಆ್ಯಪ್ ಗುಂಪಿನಲ್ಲೋ ಹೇಳಬೇಡಿ, ಭೇಟಿಯಾಗಿ ಹೇಳಿ. ಮಾತು ಹೀಗಿರಬಹುದು: ‘ಅಯ್ಯನವರೇ, ಸಂಡೇ ಸ್ಕೂಲನ್ನು ಸಂತೋಷದಿಂದಲೇ ನಡೆಸಿದ್ದೇನೆ. ಈಗ ಮನಸ್ಸು, ಮೈ ಎರಡೂ ಸೋತಿವೆ. ಈಸ್ಟರ್‌ವರೆಗೆ ನಾನೇ ನೋಡಿಕೊಳ್ಳುತ್ತೇನೆ, ಅಷ್ಟರಲ್ಲಿ ಇನ್ನೊಬ್ಬರನ್ನು ತಯಾರು ಮಾಡೋಣ. ನನಗಾಗಿ ಪ್ರಾರ್ಥಿಸಿರಿ.’ ಕಾರಣಗಳ ಪಟ್ಟಿ ಕೊಡಬೇಡಿ, ದೂರಬೇಡಿ, ದಿನಾಂಕ ಮಾತ್ರ ಸ್ಪಷ್ಟವಾಗಿರಲಿ. ಅವರಿಗೆ ಬೇಸರವಾದರೆ ಆ ಬೇಸರವನ್ನು ತಾಳಿಕೊಳ್ಳಿ. ನೀವು ಬಿಟ್ಟ ಕೆಲಸವನ್ನು ಇನ್ನೊಬ್ಬರು ನಿಮ್ಮಷ್ಟು ಚೆನ್ನಾಗಿ ಮಾಡದಿದ್ದಾಗ ಅದನ್ನು ಮತ್ತೆ ಕೈಗೆತ್ತಿಕೊಳ್ಳುವ ಆಸೆಯೂ ಬರುತ್ತದೆ. ಅಲ್ಲೇ ನಿಜವಾದ ಪರೀಕ್ಷೆ.

ಸಭಾಪಾಲಕರು ಇದನ್ನು ಓದುತ್ತಿದ್ದರೆ ಅವರಲ್ಲಿ ಒಂದು ಬಿನ್ನಹ. ಯಾರು ಇಲ್ಲ ಎನ್ನುವುದಿಲ್ಲವೋ ಅವರ ಮೇಲೇ ಎಲ್ಲವನ್ನೂ ಹೇರಬೇಡಿ. ವರ್ಷಕ್ಕೊಮ್ಮೆ ನೀವೇ ಅವರನ್ನು ಕರೆದು, ಯಾವುದನ್ನು ಇಳಿಸಲಿ ಎಂದು ಕೇಳಿ.

ಐದನೆಯ ಹೆಜ್ಜೆ: ವಾರಕ್ಕೊಂದು ದಿನ ನಿಲ್ಲಿ

ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆ ಸತ್ಯವೇದದಲ್ಲಿ ಎರಡು ಕಡೆ, ಎರಡು ಕಾರಣಗಳೊಡನೆ ಬರುತ್ತದೆ. ವಿಮೋಚನಕಾಂಡ 20ರಲ್ಲಿ ಕಾರಣ ಸೃಷ್ಟಿ: ದೇವರು ಏಳನೆಯ ದಿನ ವಿಶ್ರಮಿಸಿದನು. ಧರ್ಮೋಪದೇಶಕಾಂಡ 5ರಲ್ಲಿ ಕಾರಣ ಬಿಡುಗಡೆ: ನೀನು ಐಗುಪ್ತದಲ್ಲಿ ದಾಸನಾಗಿದ್ದೆ ಎಂಬುದನ್ನು ನೆನಪಿಟ್ಟುಕೋ. ದಾಸನಿಗೆ ರಜೆ ಇರಲಿಲ್ಲ, ಬಿಡುಗಡೆಯಾದವನು ನಿಲ್ಲಬಹುದು. ಎರಡನೆಯ ಪಾಠ ಇನ್ನೂ ಒಂದು ಮಾತು ಸೇರಿಸುತ್ತದೆ: ನಿನ್ನ ಹಾಗೆಯೇ ನಿನ್ನ ದಾಸನಿಗೂ ದಾಸಿಗೂ ವಿಶ್ರಾಂತಿ ಸಿಗಬೇಕು. ಎತ್ತು, ಕತ್ತೆ, ಊರಿನಲ್ಲಿರುವ ಪರದೇಶಿ ಕೂಡ ಆ ಪಟ್ಟಿಯಲ್ಲಿದ್ದಾರೆ.

ಈಗ ನಮ್ಮ ಭಾನುವಾರವನ್ನು ನೋಡೋಣ. ಅನೇಕ ಕ್ರೈಸ್ತ ಮನೆಗಳಲ್ಲಿ ವಾರದ ಅತಿ ಭಾರದ ದಿನ ಅದೇ, ಮತ್ತು ಆ ಭಾರ ಬೀಳುವುದು ಒಬ್ಬಳ ಮೇಲೆ. ಐದಕ್ಕೆ ಎದ್ದು ತಿಂಡಿ, ಮಕ್ಕಳ ಸ್ನಾನ, ಇಸ್ತ್ರಿ, ಮಸಾಲೆ ರುಬ್ಬಿಟ್ಟು ಆರಾಧನೆಗೆ ಓಟ, ಬಂದ ಕೂಡಲೇ ಕೋಳಿ ಸಾರು, ಅನ್ನ, ನೆಂಟರು, ರಾಶಿ ಪಾತ್ರೆ. ಗಂಡ ಊಟ ಮಾಡಿ ಕರ್ತನ ದಿನದ ವಿಶ್ರಾಂತಿಗಾಗಿ ಮಲಗುತ್ತಾನೆ. ಮನೆಯೊಡತಿಯ ಬೆನ್ನಿನ ಮೇಲೆ ಕಟ್ಟಿದ ಸಬ್ಬತ್ತು ಧರ್ಮೋಪದೇಶಕಾಂಡದ ಸಬ್ಬತ್ತಲ್ಲ. ಈ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧಳಿಲ್ಲ.

ದಾರಿ ಇದೆ. ಅಡವಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರವಾದ ಮನ್ನ ಆರನೆಯ ದಿನ ಎರಡರಷ್ಟು ಸಿಗುತ್ತಿತ್ತು. ಏಳನೆಯ ದಿನ ಕೂಡಿಸಲು ಹೋದವರಿಗೆ ಏನೂ ಸಿಗಲಿಲ್ಲ (ವಿಮೋಚನಕಾಂಡ 16). ಅದರಂತೆ ಶನಿವಾರ ಸಂಜೆಯೇ ತಯಾರಾಗಿ. ಬಟ್ಟೆ ಇಸ್ತ್ರಿ ಆಗಿರಲಿ, ತರಕಾರಿ ಹೆಚ್ಚಿರಲಿ, ಕಾಣಿಕೆಯ ಲಕೋಟೆ ಸತ್ಯವೇದದ ಒಳಗಿರಲಿ. ಭಾನುವಾರದ ಊಟ ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ ಇಷ್ಟಕ್ಕೇ ನಿಂತರೂ ಯಾರೂ ಹಸಿದಿರುವುದಿಲ್ಲ. ಕೋಳಿ ಸಾರನ್ನು ಶನಿವಾರ ರಾತ್ರಿಗೆ ತಂದುಕೊಳ್ಳಿ. ಪಾತ್ರೆಗಳನ್ನು ಗಂಡಸರೂ ಮಕ್ಕಳೂ ತೊಳೆಯಲಿ. ಮನೆಗೆಲಸಕ್ಕೆ ಬರುವಾಕೆಗೆ ಆ ದಿನ ಸಂಬಳ ಹಿಡಿಯದೆ ರಜೆ ಕೊಡಿ. ಶನಿವಾರ ಸಂಜೆ ಮನೆಯವರೆಲ್ಲ ಕೂತು ಒಂದು ಕೀರ್ತನೆ ಹಾಡಿ, ಕುಟುಂಬ ಪ್ರಾರ್ಥನೆ ಮಾಡಿ, ಅಲ್ಲಿಂದಲೇ ದಿನವನ್ನು ಶುರುಮಾಡಿ.

ಭಾನುವಾರ ರಜೆ ಸಿಗದವರು ಬಹಳ ಮಂದಿ. ನರ್ಸುಗಳು, ಬಸ್ ಚಾಲಕರು, ಪೊಲೀಸರು, ಹೋಟೆಲ್ ನೌಕರರು, ರಾತ್ರಿ ಪಾಳಿಯ ಕಂಪ್ಯೂಟರ್ ಕೆಲಸಗಾರರು ತಮ್ಮ ವಾರದ ರಜೆಯ ದಿನವನ್ನೇ ಇದಕ್ಕೆ ಮೀಸಲಿಡಲಿ. ಗಲ್ಫ್‌ನಲ್ಲಿರುವ ಕನ್ನಡಿಗರಿಗೆ ಇದು ಹೊಸದಲ್ಲ. ಕುವೈತ್, ಕತಾರ್‌ಗಳಲ್ಲಿ ಶುಕ್ರವಾರ ರಜೆಯಾದ್ದರಿಂದ ಸಭೆಗಳು ಆ ದಿನ ಕೂಡುತ್ತವೆ. ಯುಎಇ 2022ರ ಜನವರಿಯಿಂದ ವಾರಾಂತ್ಯವನ್ನು ಶನಿವಾರ, ಭಾನುವಾರಕ್ಕೆ ಬದಲಿಸಿತು. ಸಭಾಪಾಲಕರಿಗೆ ಭಾನುವಾರ ದುಡಿಮೆಯ ದಿನ. ಅವರು ಸೋಮವಾರವನ್ನು ಬಿಗಿಯಾಗಿ ಹಿಡಿದುಕೊಳ್ಳಲಿ, ಸಭೆಯವರು ಆ ದಿನ ಅವರಿಗೆ ಫೋನ್ ಮಾಡದಿರಲಿ. ರೈತರ ಮಾತೇನು? ಉಳುವ ಕಾಲದಲ್ಲೂ ಕೊಯ್ಯುವ ಕಾಲದಲ್ಲೂ ನಿಲ್ಲಬೇಕೆಂದು ವಿಮೋಚನಕಾಂಡ 34:21 ಹೇಳುತ್ತದೆ. ಹಾಗೆಂದು ಹಸುವಿನ ಹಾಲು ಕರೆಯದೆ ಬಿಡಬೇಕಾಗಿಲ್ಲ. ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನು ಎತ್ತುವುದಿಲ್ಲವೇ ಎಂದು ಕೇಳಿದವನು ಕರ್ತನೇ.

ಆ ದಿನ ಏನು ಮಾಡಬೇಕು ಎಂಬುದಕ್ಕೆ ನಿಯಮಾವಳಿ ಬರೆಯಲು ನನಗೆ ಇಷ್ಟವಿಲ್ಲ. ಆರಾಧನೆ, ನಿದ್ದೆ, ನಡಿಗೆ, ಮಕ್ಕಳ ಜೊತೆ ಆಟ, ಕೇಳಿಸಿಕೊಳ್ಳುವವರಿಲ್ಲದ ಮುದುಕರೊಬ್ಬರ ಜೊತೆ ಅರ್ಧ ಗಂಟೆ. ಲೆಕ್ಕ ಪುಸ್ತಕ, ಕಚೇರಿಯ ಮಿಂಚಂಚೆ, ಅಂಗಡಿ ಬೀದಿ ಬೇಡ.

ಆರನೆಯ ಹೆಜ್ಜೆ: ಪ್ರಾರ್ಥನೆಯಲ್ಲಿ ಓಟ ನಿಲ್ಲಿಸಿ

ಬಹು ಮಾತುಗಳಿಂದ ದೇವರು ಕೇಳುತ್ತಾನೆಂದು ನೆನೆಸಬೇಡಿ, ನೀವು ಬೇಡುವ ಮೊದಲೇ ನಿಮಗೆ ಬೇಕಾದದ್ದು ತಂದೆಗೆ ತಿಳಿದಿದೆ ಎಂದು ಮತ್ತಾಯ 6ರಲ್ಲಿ ಯೇಸು ಹೇಳಿದ್ದಾನೆ. ದನಿ ಏರಿಸದಿದ್ದರೆ, ಬೆವರದಿದ್ದರೆ ಪ್ರಾರ್ಥನೆ ಮೇಲೇರುವುದಿಲ್ಲ ಎಂಬ ಭಾವನೆ ನಮ್ಮಲ್ಲಿ ಕೆಲವರಿಗೆ ಬೇರೂರಿದೆ. ಮೊರೆಯಿಡುವ ಪ್ರಾರ್ಥನೆಗೆ ಅದರ ಸ್ಥಾನವಿದೆ, ಕೀರ್ತನೆಗಳ ತುಂಬ ಮೊರೆಯೇ ಇದೆ. ಆದರೆ 131ನೆಯ ಕೀರ್ತನೆಯೂ ಇದೆ: ಮೂರೇ ವಚನ, ತಾಯಿಯ ಮಡಿಲಲ್ಲಿ ಹಾಲು ಬಿಟ್ಟ ಕೂಸಿನಂತೆ ಸುಮ್ಮನಿರುವ ಪ್ರಾಣ. ಹಾಲಿಗಾಗಿ ಅಳುವ ಹಂತ ದಾಟಿದ ಕೂಸು ಅದು. ತಾಯಿಯಿದ್ದರೆ ಅದಕ್ಕೆ ಸಾಕು.

ದಿನಕ್ಕೆ ಹತ್ತು ನಿಮಿಷ ಹಾಗೆ ಕೂರಲು ಕಲಿಯಿರಿ. ಅಲಾರಂ ಇಟ್ಟುಕೊಳ್ಳಿ, ಗಡಿಯಾರ ನೋಡುವ ಚಡಪಡಿಕೆ ತಪ್ಪುತ್ತದೆ. 131ನೆಯ ಕೀರ್ತನೆಯನ್ನೋ ಕರ್ತನ ಪ್ರಾರ್ಥನೆಯನ್ನೋ ಒಂದೊಂದೇ ವಾಕ್ಯ ಹೇಳುತ್ತ, ನಡುವೆ ಮೌನವಾಗಿರಿ. ಗ್ಯಾಸ್ ಬುಕ್ ಮಾಡಬೇಕಿತ್ತು, ಶಾಲೆಯ ಶುಲ್ಕ ಕಟ್ಟಬೇಕಿತ್ತು ಎಂಬ ನೆನಪುಗಳು ಬಂದರೆ ಪಕ್ಕದ ಚೀಟಿಯಲ್ಲಿ ಗೀಚಿ ಮರಳಿ ಬನ್ನಿ. ತೂಕಡಿಸಿದರೆ ತೂಕಡಿಸಿ. ಏನೂ ಅನುಭವವಾಗದೆ ಹತ್ತು ನಿಮಿಷ ಮುಗಿದುಹೋಗುವ ದಿನಗಳೇ ಹೆಚ್ಚಿರುತ್ತವೆ. ಆ ಹತ್ತು ನಿಮಿಷ ವ್ಯರ್ಥವಲ್ಲ.

ಒಂದು ವರ್ಷದಲ್ಲಿ ಸತ್ಯವೇದ ಮುಗಿಸುವ ಪಟ್ಟಿ ಹಿಡಿದವರಿಗೆ ಒಂದು ಮಾತು. ನಮ್ಮ ಸತ್ಯವೇದದಲ್ಲಿ, ಅಂದರೆ 66 ಪುಸ್ತಕಗಳಲ್ಲಿ, 1189 ಅಧ್ಯಾಯಗಳಿವೆ. ದಿನಕ್ಕೆ ಮೂರು ನಾಲ್ಕು ಓದಬೇಕಾಗುತ್ತದೆ. ಹಿಂದೆ ಬಿದ್ದರೆ ಬಾಕಿಯನ್ನು ಬೆನ್ನಟ್ಟಬೇಡಿ. ಆ ದಿನದ ತಾರೀಖಿನಿಂದಲೇ ಓದಿ, ಇಲ್ಲವೇ ಪಟ್ಟಿಯನ್ನು ಮಡಿಸಿಟ್ಟು ಒಂದು ಸುವಾರ್ತೆಯನ್ನು ಮೂರು ತಿಂಗಳು ಓದಿ.

ಅಡ್ಡಿಗಳು ಬಂದಾಗ

ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ, ಸಾಲ ತೀರಿಸಲು ಎರಡು ಕಡೆ ದುಡಿಯುವ ತಂದೆಗೆ ಇಡೀ ದಿನದ ವಿಶ್ರಾಂತಿ ಎಂಬುದು ಕೈಗೆಟುಕದ ಮಾತು. ಅವರಿಗೆ ಈ ಬರಹದ ಮೂರನೆಯ ಹೆಜ್ಜೆ ಮೊದಲು ಸೇರಬೇಕು. ಬೆಳಗಿನ ಆ ಐದು ನಿಮಿಷವನ್ನು ಯಾರೂ ಕಸಿಯಲಾರರು. ಉಳಿದದ್ದು ಸಭೆಯ ಹೊಣೆ. ಸ್ತ್ರೀಯರ ಕೂಟದವರು ಸರದಿಯ ಮೇಲೆ ವಾರಕ್ಕೊಂದು ಮಧ್ಯಾಹ್ನ ಆ ಅತ್ತೆಯ ಬಳಿ ಕುಳಿತರೆ ಸೊಸೆಗೆ ಮೂರು ಗಂಟೆ ನಿದ್ದೆ ಸಿಗುತ್ತದೆ. ಅದು ಇಡೀ ರಾತ್ರಿಯ ಪ್ರಾರ್ಥನೆಗಿಂತ ಕಡಿಮೆಯ ಸೇವೆ ಎಂದು ನಾನು ಒಪ್ಪುವುದಿಲ್ಲ.

ವಿಶ್ರಾಂತಿಗೆಂದು ಇಟ್ಟ ದಿನವೇ ಕೆಲಸ ಬಾಗಿಲು ತಟ್ಟುವುದೂ ಉಂಟು. ಮಾರ್ಕ 6ರಲ್ಲಿ ಸೇವೆ ಮುಗಿಸಿ ಬಂದ ಅಪೊಸ್ತಲರಿಗೆ ಊಟಕ್ಕೂ ಬಿಡುವಿರಲಿಲ್ಲ. ನೀವು ವಿಂಗಡವಾಗಿ ಅಡವಿಯ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿರಿ ಎಂದು ಯೇಸು ದೋಣಿ ಹತ್ತಿಸಿದ. ಜನ ದಡದ ಮೇಲೆ ಓಡಿ ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿದರು. ಆತನು ಅವರನ್ನು ಕಂಡು ಸಿಡುಕದೆ ಕನಿಕರಪಟ್ಟನು, ಉಪದೇಶಿಸಿದನು, ಉಣಿಸಿದನು. ಎಲ್ಲ ಮುಗಿದ ಮೇಲೆ ಶಿಷ್ಯರನ್ನು ದೋಣಿಯಲ್ಲಿ ಕಳುಹಿಸಿ, ಜನರನ್ನು ಬೀಳ್ಕೊಟ್ಟು, ತಾನೊಬ್ಬನೇ ಬೆಟ್ಟಕ್ಕೆ ಹೋದನು. ಹಾಗೆಯೇ ನಿಮ್ಮ ರಜೆಯ ದಿನ ನೆರೆಮನೆಯಲ್ಲಿ ಸಾವಾದರೆ ಹೋಗಿ, ಜೊತೆಗಿರಿ, ಮಣ್ಣಿಗೆ ನಿಲ್ಲಿ. ಆಮೇಲೆ ಆ ವಾರದಲ್ಲೇ ಇನ್ನೊಂದು ಅರ್ಧ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯವರಿಗೂ ಹೇಳಿಡಿ.